ಕಾರಣ ಬರೀರಿ ಅಂತ ಕೋರ್ಟಿಗೆ ಹೋದ ಕಾಕಾ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕೆಲಸದ ಒತ್ತಡ ಅಂತ ನೆಪ ಹೇಳಬಹುದಿತ್ತು. ಆದ್ರೆ ನಿಜ ಏನಂದ್ರೆ, ಕಳೆದ ಒಂದೂವರೆ ವರ್ಷದಲ್ಲಿ ನನಗೆ ಸಿಕ್ಕ ರಜೆಗಳಲ್ಲಿ ಅರ್ಧ ಧಾರವಾಡದ ಹೈಕೋರ್ಟ್ ಪೀಠದ ಹೊರಗೆ ಬೆಂಚಿನ ಮೇಲೆ ಕೂತು ಕಳೆದುಹೋದವು. ಗಾಬರಿಯಾಗ್ಬೇಡಿ, ನನ್ನ ಮೇಲೇನೂ ಕೇಸಿಲ್ಲ :-) ಕೇಸು ನಮ್ಮ ಕಾಕಾಂದು. ಕಾಕಾಗೆ ಇಂಗ್ಲಿಷ್ ಓದೋಕೆ ಬರಲ್ಲ, ಹೈಕೋರ್ಟಿನ ಕಾಗದ ಎಲ್ಲ ಇಂಗ್ಲಿಷಿನಲ್ಲಿ. "ನೀ ಇಂಜಿನಿಯರ್ ಅದಿಯಲ್ಲ, ಓದಿ ಹೇಳು ಬಾ" ಅಂತ ಕರೆದ್ರು. ಕಂಪ್ಯೂಟರ್ ಸೈನ್ಸ್ ಓದಿದೋನಿಗೂ ರಿಟ್ ಅರ್ಜಿಗೂ ಏನು ಸಂಬಂಧ ಅಂತ ಕೇಳೋ ಧೈರ್ಯ ನನಗಿರಲಿಲ್ಲ.

ಊರು ರೋಣ, ನರಗುಂದ, ಗಜೇಂದ್ರಗಡ ಈ ಮೂರರಲ್ಲಿ ಒಂದು. ಯಾವುದು ಅಂತ ಹೇಳಲ್ಲ, ಯಾವ ಕಚೇರಿ, ಯಾವ ಸಾಹೇಬರು ಅಂತಲೂ ಹೇಳಲ್ಲ. ವಿಷಯ ಇನ್ನೂ ಮುಗಿದಿಲ್ಲ, ಸುಮ್ಮನೆ ಯಾಕೆ. ಬೆಂಗಳೂರಿನ ಗೆಳೆಯರಿಗೆ ಈ ಮೂರೂ ಊರು ಒಂದೇ ಥರ ಕಾಣಿಸುತ್ತವೆ ಅನ್ನೋದು ಬೇರೆ ಮಾತು. ಮೂರೂ ಗದಗ ಜಿಲ್ಲೆಯವು. ಗಜೇಂದ್ರಗಡ ಮೊದಲು ರೋಣ ತಾಲೂಕಿನೊಳಗೇ ಇತ್ತು, ಈಗ ಅದೇ ಒಂದು ತಾಲೂಕು. ಎರಿ ಹೊಲ, ಶೇಂಗಾ, ಹೆಸರು, ಉಳ್ಳಾಗಡ್ಡಿ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ. ಇಷ್ಟು ಸಾಕು.

ಕಾಕಾ ಕೇಳಿದ್ದು ದೊಡ್ಡದೇನಲ್ಲ. ಊರ ಅಂಚಿನಲ್ಲಿ ಆರು ಗುಂಟೆ ಜಾಗ. ಎನ್.ಎ. ಯಾವತ್ತೋ ಆಗಿದೆ, ಉತಾರ ಅವರ ಹೆಸರಿನಲ್ಲೇ ಇದೆ. ಅಲ್ಲೊಂದು ಶೆಡ್ ಹಾಕಿ ಶೇಂಗಾ ಎಣ್ಣೆ ತೆಗೆಯೋ ಮರದ ಗಾಣ ಕೂರಿಸಬೇಕು ಅಂತ ಆಸೆ. ಆಸೆ ಅವರದಲ್ಲ, ಮಗಂದು. ಐ.ಟಿ.ಐ. ಮುಗಿಸಿದ ಹುಡುಗ, ಹುಬ್ಬಳ್ಳಿಗೆ ಹೋಗಲ್ಲ, ಊರಲ್ಲೇ ಏನಾದ್ರೂ ಮಾಡ್ತೀನಿ ಅಂದ. ನಮ್ಮ ಕಡೆ ಹುಡುಗನೊಬ್ಬ ತಾನಾಗಿ ಊರಲ್ಲೇ ಇರ್ತೀನಿ ಅನ್ನೋದು ಅಪರೂಪ, ಅದಕ್ಕೇ ಕಾಕಾ ಮುಂಗಡ ಕೊಟ್ಟು ಗಾಣ ತರಿಸಿಬಿಟ್ಟರು. ಬ್ಯಾಂಕಿನವರು ಉಳಿದ ಸಾಲಕ್ಕೆ ಕಟ್ಟಡದ ಪರವಾನಗಿ ತನ್ನಿ ಅಂದ್ರು. ಅರ್ಜಿ ಹಾಕಿದ್ರು. ನಕಾಶೆ, ಉತಾರ, ಚಲನ್ ಎಲ್ಲ ಲಗತ್ತಿಸಿ.

ನಾಲ್ಕು ತಿಂಗಳಿಗೆ ಉತ್ತರ ಬಂತು. ಒಂದು ಸಾಲು. ನಿಯಮಾನುಸಾರ ಅವಕಾಶವಿಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಯಾವ ನಿಯಮ? ಯಾಕೆ ಅವಕಾಶ ಇಲ್ಲ? ಶೆಡ್ ದೊಡ್ಡದಾಯ್ತಾ, ಜಾಗ ಸಣ್ಣದಾಯ್ತಾ, ಗಾಣದ ಸದ್ದಾ, ವಾಸದ ವಲಯ ಅಂತಾನಾ? ಏನೂ ಇಲ್ಲ. ನನ್ನ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಪ್ರೋಗ್ರಾಮ್ ಕೆಟ್ಟು ನಿಂತಾಗ "ಏನೋ ತಪ್ಪಾಗಿದೆ" ಅಂತ ಮಾತ್ರ ಪರದೆ ಮೇಲೆ ಬಂದ್ರೆ ಹೇಗಿರುತ್ತೆ? ಲಾಗ್ ಇಲ್ಲ, ಸಾಲಿನ ನಂಬರ್ ಇಲ್ಲ, ಎಲ್ಲಿಂದ ಹುಡುಕೋದು? ಕಾಕಾ ಮೂರು ಸಲ ಕಚೇರಿಗೆ ಹೋಗಿ ಕೇಳಿದ್ರು. ಒಬ್ಬರು ರಸ್ತೆ ಸಣ್ಣದು ಅಂದ್ರಂತೆ, ಇನ್ನೊಬ್ಬರು ಮಾಸ್ಟರ್ ಪ್ಲಾನ್ ಅಂದ್ರಂತೆ, ಮೂರನೆಯವರು "ಅಪೀಲ್ ಹೋಗ್ರಿ" ಅಂದ್ರಂತೆ.

ಅಪೀಲ್ ಹೋದ್ರು. ಮೇಲಿನ ಅಧಿಕಾರಿ ಎರಡು ಪುಟದ ಆದೇಶ ಕೊಟ್ಟರು. ಎರಡು ಪುಟ ನೋಡಿ ಕಾಕಾಗೆ ಖುಷಿಯಾಗಿತ್ತು. ನಾನು ಓದಿ ನೋಡಿದ್ರೆ ಒಂದೂಮುಕ್ಕಾಲು ಪುಟ ಕಾಕಾನ ಅರ್ಜಿಯನ್ನೇ ಮತ್ತೆ ಬರೆದಿದ್ದರು. ಕೊನೆಗೆ ಎರಡು ಸಾಲು: ದಾಖಲೆಗಳನ್ನು ಪರಿಶೀಲಿಸಲಾಗಿದೆ, ಕೆಳಗಿನ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ಸೂಕ್ತ ಕಾರಣಗಳು ಕಂಡುಬಂದಿರುವುದಿಲ್ಲ.

"ಅವರಿಗೆ ಕಾರಣ ಕಂಡಿಲ್ಲಂತ. ನನಗೂ ಕಂಡಿಲ್ಲ. ಹಂಗಾರ ಕಾರಣ ಎಲ್ಲಿ ಹೋತಪಾ?" ಅಂದ್ರು ಕಾಕಾ.

(ನಮ್ಮ ಭಾಗಕ್ಕೆ ತಿರಸ್ಕಾರ ಅನ್ನೋದು ಹೊಸದಲ್ಲ ಬಿಡಿ. ನರಗುಂದದ ಬಾಬಾಸಾಹೇಬ ತನಗೆ ಗಂಡುಮಕ್ಕಳಿಲ್ಲ ಅಂತ ದತ್ತು ತಗೊಳ್ಳೋಕೆ ಕಂಪನಿ ಸರಕಾರದ ಅನುಮತಿ ಕೇಳಿದ್ದ. ಕೊಡಲಿಲ್ಲ. ಆ ತಿರಸ್ಕಾರವನ್ನ ಪ್ರಶ್ನೆ ಮಾಡೋಕೆ ಅವನಿಗೆ ಯಾವ ಕೋರ್ಟೂ ಇರಲಿಲ್ಲ. 1858ರಲ್ಲಿ ದಂಗೆ ಎದ್ದ, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ರು. 1980ರ ಜುಲೈನಲ್ಲಿ ಮಲಪ್ರಭೆಯ ನೀರಿನ ಕರದ ವಿಷಯಕ್ಕೆ ಇದೇ ನರಗುಂದದ ರೈತರು ಬೀದಿಗಿಳಿದಾಗ ಗೋಲಿಬಾರ್ ಆಯ್ತು. ಇವೆರಡಕ್ಕೂ ಕಾಕಾನ ಗಾಣಕ್ಕೂ ಹೋಲಿಕೆ ಇಲ್ಲ, ಗೊತ್ತು. ಆದ್ರೆ ಕಚೇರಿಯೊಂದು ಇಲ್ಲ ಅಂದಾಗ ಮುಂದೆ ಹೋಗೋಕೆ ಒಂದು ಬಾಗಿಲಿರೋದು ಎಷ್ಟು ದೊಡ್ಡದು ಅಂತ ಬೆಂಚಿನ ಮೇಲೆ ಕೂತಾಗ ಅನ್ನಿಸ್ತಿತ್ತು.)

ಆ ಬಾಗಿಲು ಸಂವಿಧಾನದ 226ನೇ ವಿಧಿ. ಅದರ ಕೆಳಗೆ ರಿಟ್ ಅರ್ಜಿ ಹಾಕೋಕೆ ಮೊದಲಾಗಿದ್ರೆ ನಮ್ಮೋರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೇ ಹೋಗಬೇಕಿತ್ತು. 2008ರ ಜುಲೈನಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ ಶುರುವಾಯ್ತು, 2013ರಲ್ಲಿ ಅದು ಕಾಯಂ ಪೀಠ ಆಯ್ತು. ಉತ್ತರ ಕರ್ನಾಟಕದ ವಕೀಲರು ವರ್ಷಗಟ್ಟಲೆ ಧರಣಿ ಮಾಡಿ ತಂದದ್ದು ಅದು. ಈಗ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದ್ರೆ ಸಂಜೆ ಮನೆಗೆ ಬರಬಹುದು. ಬರುವಾಗ ಲೈನ್ ಬಜಾರಿಗೆ ಹೋಗಿ ಪೇಡೆ ತರೋದು ಕಾಕಾನ ನೇಮ. ಕೇಸು ಮುಂದಕ್ಕೆ ಹೋದ್ರೂ ಪೇಡೆ ತಪ್ಪಲಿಲ್ಲ.

ಧಾರವಾಡದ ವಕೀಲರು ಮೊದಲ ದಿನವೇ ಹೇಳಿದ ಮಾತು ಕಾಕಾಗೆ ಹಿಡಿಸಲೇ ಇಲ್ಲ.

"ನೋಡ್ರಿ ಯಜಮಾನ್ರ, ಹೈಕೋರ್ಟ್ ಅಂದ್ರ ಮತ್ತೊಂದು ಅಪೀಲ್ ಅಲ್ಲ. ನಿಮಗ ಪರವಾನಗಿ ಕೊಡಬೇಕೋ ಬ್ಯಾಡೋ ಅಂತ ಜಡ್ಜ್ ಸಾಹೇಬ್ರು ನೋಡೂದಿಲ್ಲ. ಇಲ್ಲ ಅಂತ ಹೇಳಿದ ರೀತಿ ಕಾಯ್ದೆ ಪ್ರಕಾರ ಐತೋ ಇಲ್ಲೋ, ಅಷ್ಟ ನೋಡ್ತಾರ."

"ಅಂದ್ರ ಜಾಗಾ ನೋಡಾಕ ಯಾರೂ ಬರೂದಿಲ್ಲೇನ್ರಿ?"

"ಇಲ್ರಿ."

"ನಕಾಶೆ?"

"ಅದನ್ನೂ ನೋಡೂದಿಲ್ರಿ."

ಕಾಕಾ ನನ್ನ ಮುಖ ನೋಡಿದ್ರು. ಆರು ಗುಂಟೆ ಜಾಗ, ಗಾಣ, ಮಗ, ಸಾಲ, ಯಾವುದನ್ನೂ ನೋಡದೆ ಕೋರ್ಟು ಇನ್ನೇನು ನೋಡುತ್ತೆ ಅನ್ನೋದು ಅವರ ಪ್ರಶ್ನೆ. ಮೊದಲು ನನಗೂ ವಿಚಿತ್ರ ಅನ್ನಿಸ್ತು. ಆಮೇಲೆ ನಮ್ಮ ಆಫೀಸಿನ ಕೋಡ್ ರಿವ್ಯೂ ನೆನಪಾಯ್ತು. ರಿವ್ಯೂ ಮಾಡೋನು ನನ್ನ ಕೋಡನ್ನ ತಾನು ಬರೆಯಲ್ಲ. ಇಲ್ಲಿ ತಪ್ಪಿದೆ, ಇದನ್ನ ನೋಡೇ ಇಲ್ಲ, ಇದಕ್ಕೆ ಕಾರಣ ಬರೆದಿಲ್ಲ ಅಂತ ಗುರುತು ಹಾಕಿ ವಾಪಸ್ ಕಳಿಸ್ತಾನೆ. ಸರ್ಷಿಯೊರರಿ ರಿಟ್ ಅಂದ್ರೆ ಹೆಚ್ಚುಕಡಿಮೆ ಅದೇ. ಕೆಳಗಿನವರ ಕಡತ ತರಿಸಿ ನೋಡಿ, ತೀರ್ಮಾನ ಮಾಡಿದ ರೀತಿಯಲ್ಲಿ ದೋಷ ಇದ್ರೆ ರದ್ದು ಮಾಡೋದು. ಅಧಿಕಾರ ಇಲ್ಲದೆ ಮಾಡಿದ್ರಾ, ಅರ್ಜಿದಾರನ ಮಾತು ಕೇಳಿದ್ರಾ, ನೋಡಲೇಬೇಕಾದ್ದನ್ನ ಬಿಟ್ರಾ, ನೋಡಬಾರದ್ದನ್ನ ನೋಡಿದ್ರಾ, ಕಾರಣ ಕೊಟ್ರಾ. ಇದರಾಚೆಗೆ ಕೋರ್ಟು ಸಾಮಾನ್ಯವಾಗಿ ಹೋಗಲ್ಲ. 1994ರ ಟಾಟಾ ಸೆಲ್ಯುಲಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ.

ಈ ಯೋಚನೆಯ ತವರು ಇಂಗ್ಲೆಂಡ್. ವಕೀಲರ ಬಾಯಲ್ಲಿ "ವೆಡ್ನಸ್‌ಬರಿ" ಅನ್ನೋ ಪದ ಪದೇ ಪದೇ ಬರ್ತಿತ್ತು. ನಾನು ಮೊದಲು ಬುಧವಾರ ಅಂದ್ಕೊಂಡಿದ್ದೆ :-) ಮನೆಗೆ ಹೋಗಿ ಹುಡುಕಿದ್ರೆ ಅದೊಂದು ಊರು. ಅಲ್ಲೊಂದು ಸಿನಿಮಾ ಮಂದಿರ. ಭಾನುವಾರ ಆಟ ತೋರಿಸೋಕೆ ನಗರಸಭೆ ಅನುಮತಿ ಕೊಟ್ಟು, ಹದಿನೈದು ವರ್ಷದೊಳಗಿನ ಮಕ್ಕಳನ್ನ ಬಿಡಬಾರದು, ದೊಡ್ಡವರ ಜೊತೆ ಬಂದ್ರೂ ಬಿಡಬಾರದು ಅಂತ ಷರತ್ತು ಹಾಕಿತ್ತು. ಸಿನಿಮಾದವರು ಕೋರ್ಟಿಗೆ ಹೋದ್ರು. 1947ರಲ್ಲಿ ಲಾರ್ಡ್ ಗ್ರೀನ್ ಹೇಳಿದ ತಾತ್ಪರ್ಯ ಇಷ್ಟು: ನಮಗೆ ಆ ಷರತ್ತು ಇಷ್ಟ ಆಯ್ತಾ ಇಲ್ವಾ ಅನ್ನೋದು ಮುಖ್ಯ ಅಲ್ಲ, ಬುದ್ಧಿ ಇರೋ ಯಾವ ಸಂಸ್ಥೆಯೂ ಮಾಡಲಾರದಂಥ ತೀರ್ಮಾನ ಆಗಿದ್ರೆ ಮಾತ್ರ ನಾವು ಕೈ ಹಾಕ್ತೀವಿ. ಕೂದಲು ಕೆಂಪಗಿದೆ ಅಂತ ಟೀಚರನ್ನ ಕೆಲಸದಿಂದ ತೆಗೆಯೋದು ಅವರು ಕೊಟ್ಟ ಉದಾಹರಣೆ. ಸಿನಿಮಾದವರು ಸೋತರು. ಆ ಸೋತ ಕೇಸಿನ ಹೆಸರು ಹೇಳಿ ಧಾರವಾಡದಲ್ಲಿ ನಮ್ಮ ಕಾಕಾ ಗೆಲ್ಲಬೇಕಿತ್ತು.

ಇದೇ ಹೊತ್ತಿಗೆ ಇಂಗ್ಲೆಂಡಿಗೆ ಆನ್‌ಸೈಟ್ ಹೋಗಿ ಅಲ್ಲೇ ಮನೆ ತಗೊಂಡಿರೋ ಗೆಳೆಯನೊಬ್ಬನ ಜೊತೆ ಮಾತಾಡ್ತಿದ್ದೆ. ಅವನಿಗೂ ಇದೇ ಗೋಳು. ಮನೆ ಹಿಂದೆ ಒಂದು ಕೋಣೆ ಕಟ್ಟೋಕೆ ಕೇಳಿದ್ದ, ಕೌನ್ಸಿಲ್ ಇಲ್ಲ ಅಂತು. ಅಲ್ಲಿಯ 1990ರ ಪ್ಲ್ಯಾನಿಂಗ್ ಕಾಯ್ದೆಯ 78ನೇ ಸೆಕ್ಷನ್ ಪ್ರಕಾರ ಮೇಲ್ಮನವಿ ಹಾಕಿದ, ಇನ್‌ಸ್ಪೆಕ್ಟರ್ ಒಬ್ಬರು ಸ್ಥಳಕ್ಕೇ ಬಂದು ನೋಡಿ ಅದನ್ನೂ ವಜಾ ಮಾಡಿದ್ರು. ಮುಂದಿನ ದಾರಿ 288ನೇ ಸೆಕ್ಷನ್, ಹೈಕೋರ್ಟು. ಆರೇ ವಾರ ಗಡುವು. ಆರು ವಾರ ದಾಟಿದ್ರೆ ಬಾಗಿಲು ಮುಚ್ಚಿದ ಹಾಗೇ. 2015ರ ಅಕ್ಟೋಬರಿನಿಂದ ಅದಕ್ಕೂ ಮೊದಲು ಕೋರ್ಟಿನ ಅನುಮತಿ ಬೇಕು, ಅಂದ್ರೆ ವಾದದಲ್ಲಿ ಹುರುಳಿದೆ ಅಂತ ಜಡ್ಜಿಗೆ ಅನ್ನಿಸಿದ್ರೆ ಮಾತ್ರ ಕೇಸು ಮುಂದಕ್ಕೆ. ಅವನು ಇನ್‌ಸ್ಪೆಕ್ಟರ್ ಪತ್ರ ನನಗೆ ಕಳಿಸಿದ. ಓದಿ ಹೊಟ್ಟೆಕಿಚ್ಚಾಯ್ತು ಕಣ್ರೀ! ಪ್ಯಾರಾಗೆ ಒಂದೊಂದು ನಂಬರ್. ಪಕ್ಕದ ಮನೆಯ ಕಿಟಕಿಗೆ ಬೆಳಕು ಎಷ್ಟು ಕಮ್ಮಿಯಾಗುತ್ತೆ, ಸಾಲು ಮನೆಗಳ ಹಿಂಬದಿ ಹೇಗೆ ಕಾಣುತ್ತೆ, ಇವನು ಹೇಳಿದ್ದನ್ನ ಯಾಕೆ ಒಪ್ಪಲ್ಲ, ಎಲ್ಲ ಬರೆದಿದ್ರು. ಅವನ ಸಾಲಿಸಿಟರ್ ಅದನ್ನ ಓದಿ, "ಇದನ್ನು ಒಪ್ಪದೆ ಇರಬಹುದು, ಆದರೆ ಇದರಲ್ಲಿ ಕಾನೂನಿನ ತಪ್ಪು ಇಲ್ಲ, ದುಡ್ಡು ಹಾಳು ಮಾಡಬೇಡ" ಅಂದ್ರಂತೆ. ಅವನು ಕೋಣೆ ಸಣ್ಣದು ಮಾಡಿ ಹೊಸ ಅರ್ಜಿ ಹಾಕ್ತಿದ್ದಾನೆ.

ಇಬ್ಬರಿಗೂ ಇಲ್ಲ ಅಂತಾನೇ ಉತ್ತರ. ಆದ್ರೆ ಅವನಿಗೆ ಏನು ಬದಲಿಸಬೇಕು ಅಂತ ಗೊತ್ತಾಯ್ತು. ಕಾಕಾಗೆ ಗೊತ್ತಾಗಲಿಲ್ಲ.

ನಮ್ಮಲ್ಲಿ ರಿಟ್ ಹಾಕೋಕೆ ಆರು ವಾರದಂಥ ಗಡುವು ಇಲ್ಲ, ಆದ್ರೆ ತಡ ಮಾಡಿದ್ರೆ ಯಾಕೆ ಮಾಡಿದ್ರಿ ಅಂತ ಕೇಳೇ ಕೇಳ್ತಾರೆ, ಅದೊಂದೇ ಕಾರಣಕ್ಕೆ ವಜಾ ಮಾಡಲೂಬಹುದು. ಕಾಕಾ ಎರಡು ತಿಂಗಳೊಳಗೆ ಹೋಗಿದ್ರಿಂದ ಆ ತೊಂದ್ರೆ ಬರಲಿಲ್ಲ.

ರಾತ್ರಿ ಕೂತು ಹಳೇ ತೀರ್ಪುಗಳನ್ನ ಓದೋ ಚಟ ಹತ್ತಿದ್ದು ಆವಾಗಲೇ. ಕಟ್ಟಡ, ನಗರ ಯೋಜನೆ ವಿಷಯದಲ್ಲಿ ನಮ್ಮ ಕರ್ನಾಟಕದ ಕೇಸುಗಳೇ ದೇಶಕ್ಕೆಲ್ಲ ಪಾಠ ಆಗಿವೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಉಡುಪಿಯದು. ಕಲ್ಯಾಣ ಮಂಟಪ ಮತ್ತು ಉಪನ್ಯಾಸ ಮಂದಿರ ಅಂತ ಅನುಮತಿ ತಗೊಂಡ ಕಟ್ಟಡವನ್ನ ಸಿನಿಮಾ ಥಿಯೇಟರ್ ಮಾಡೋಕೆ ಪುರಸಭೆ ಒಪ್ಪಿತು. ಜನ ವಾಸ ಮಾಡೋ ಜಾಗ ಅದು, ಊರಿನ ಯೋಜನೆಯಲ್ಲಿ ಥಿಯೇಟರಿಗೆ ಅವಕಾಶ ಇರಲಿಲ್ಲ. ಅಲ್ಲಿಯ ನಿವಾಸಿ ರಾಮದಾಸ ಶೆಣೈ ಕೋರ್ಟಿಗೆ ಹೋದ್ರು. ಹೈಕೋರ್ಟು ಅನುಮತಿ ಕಾನೂನಿಗೆ ವಿರುದ್ಧ ಅಂತ ಕಂಡರೂ, ಕಟ್ಟಿದವರು ಈಗಾಗಲೇ ಬಹಳ ದುಡ್ಡು ಸುರಿದಿದ್ದಾರೆ ಅಂತ ಕೈ ಹಾಕಲಿಲ್ಲ. 1974ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಒಪ್ಪಲಿಲ್ಲ. ಪುರಸಭೆಗೆ ಇಲ್ಲದ ಅಧಿಕಾರ, ದುಡ್ಡು ಖರ್ಚಾಯ್ತು ಅಂತ ಹುಟ್ಟಿಕೊಳ್ಳಲ್ಲ ಅಂದ್ರು. ಇನ್ನೊಂದು ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯದು. ಪಾರ್ಕಿಗೆ ಅಂತ ಬಿಟ್ಟ ಜಾಗವನ್ನ ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟೋಕೆ ಕೊಟ್ಟಿದ್ರು. ಮುದ್ದಪ್ಪ ಮತ್ತು ಅಕ್ಕಪಕ್ಕದವರು ತಕರಾರು ತೆಗೆದ್ರು. ಏಕಸದಸ್ಯ ಪೀಠದಲ್ಲಿ ಸೋತು, ವಿಭಾಗೀಯ ಪೀಠದಲ್ಲಿ ಗೆದ್ದು, 1991ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು.

ಇವೆರಡೂ ಕಾಕಾನ ಕೇಸಿನ ಉಲ್ಟಾ. ಅಲ್ಲಿ ಯಾಕೆ ಕೊಟ್ರಿ ಅಂತ ಜಗಳ, ಇಲ್ಲಿ ಯಾಕೆ ಕೊಡಲಿಲ್ಲ ಅಂತ. ಆದ್ರೆ ಹೋಗೋ ಬಾಗಿಲು ಒಂದೇ. ಕೊಡೋದಾಗ್ಲಿ ಬಿಡೋದಾಗ್ಲಿ ಸಾಹೇಬರ ಮರ್ಜಿ ಅಲ್ಲ, ಕಾಗದದ ಮೇಲೆ ಇರೋ ಯೋಜನೆಗೂ ಕಾಯ್ದೆಗೂ ಅವರು ಉತ್ತರ ಹೇಳಬೇಕು. ಇದನ್ನ ಕಾಕಾಗೆ ಹೇಳಿದಾಗ ಅವರಿಗೆ ಹಿಡಿಸಿದ್ದು ಬೇರೇನೇ: "ಸಿನಿಮಾ ಟಾಕೀಸ್ ಕಟ್ಟಿದವ್ರೂ ಸೋತ್ರೇನ? ಹಂಗಾರ ನಾ ಏನೂ ಕಟ್ಟಿಲ್ಲಲ್ಲ, ಚಲೋನ ಆತು."

ಕೊನೆಗೆ ವಾದದ ದಿನ ಬಂತು. ಅದಕ್ಕಿಂತ ಮೊದಲು ಎಂಟು ಸಲ ಮುಂದಕ್ಕೆ ಹೋಗಿದ್ದನ್ನ ಬರೆಯಲ್ಲ, ನಿಮ್ಮಲ್ಲಿ ಕೋರ್ಟು ಕಂಡವರಿಗೆ ಗೊತ್ತೇ ಇದೆ. ಕಚೇರಿಯ ಕಡೆಯಿಂದ ಲಿಖಿತ ಆಕ್ಷೇಪಣೆ ಬಂದಿತ್ತು, ಅದರಲ್ಲಿ ಮೊಟ್ಟಮೊದಲ ಸಲ ಒಂದು ಕಾರಣ ಇತ್ತು! ಜಾಗದ ಮುಂದಿನ ರಸ್ತೆ 9 ಮೀಟರ್ ಅಗಲ ಇರಬೇಕು, ಅಷ್ಟಿಲ್ಲ ಅಂತ. ನಾನು ನಮ್ಮ ಕಥೆ ಮುಗೀತು ಅಂದ್ಕೊಂಡೆ. ವಕೀಲರು ಮಾತ್ರ ಸಣ್ಣಗೆ ನಕ್ಕರು. 1977ರ ಕೊನೆಗೆ ಮೊಹಿಂದರ್ ಸಿಂಗ್ ಗಿಲ್ ಅನ್ನೋ ಚುನಾವಣೆ ಕೇಸಿನಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಬರೆದ ಮಾತಿದೆಯಂತೆ. ಆದೇಶ ಹೊರಡಿಸುವಾಗ ಅದರಲ್ಲಿ ಏನು ಕಾರಣ ಇತ್ತೋ ಅದರ ಮೇಲೇ ಅದು ನಿಲ್ಲಬೇಕು, ಬೀಳಬೇಕು. ಆಮೇಲೆ ಕೋರ್ಟಿಗೆ ಬಂದು ಅಫಿಡವಿಟ್ ಹಾಕಿ ಹೊಸ ಕಾರಣ ಸೇರಿಸೋ ಹಾಗಿಲ್ಲ. ಆದೇಶ ಅಂದ್ರೆ ಇಟ್ಟಷ್ಟೂ ರುಚಿಯಾಗೋ ಹಳೇ ದ್ರಾಕ್ಷಾರಸ ಅಲ್ಲ ಅಂತ ಅವರ ಭಾವ. ನಮ್ಮ ಕಡೆಯವರಾಗಿದ್ರೆ ಉಪ್ಪಿನಕಾಯಿ ಅಂತಿದ್ರೇನೋ.

ಹತ್ತು ನಿಮಿಷ ನಡೀತು ಅಷ್ಟೇ. ಒಂದೂವರೆ ವರ್ಷಕ್ಕೆ ಹತ್ತು ನಿಮಿಷ. ಎರಡೂ ಆದೇಶ ರದ್ದು, ಅರ್ಜಿದಾರರ ಮಾತು ಕೇಳಿ, ಕಾರಣ ಸಹಿತ ಹೊಸ ಆದೇಶ ಎಂಟು ವಾರದೊಳಗೆ ಮಾಡಬೇಕು ಅಂತ ಹೇಳಿ ಕಡತ ವಾಪಸ್ ಕಳಿಸಿದ್ರು.

ಹೊರಗೆ ಬಂದು ವಕೀಲರು ಕೈ ಕುಲುಕಿದ್ರು. "ಗೆದ್ವಿ ಯಜಮಾನ್ರ."

"ಪರವಾನಗಿ ಸಿಕ್ತೇನ್ರಿ?"

"ಇಲ್ರಿ, ಮತ್ತ ಅಲ್ಲೇ ಹೋಗಬೇಕು. ಅವ್ರು ಮತ್ತ ನೋಡ್ತಾರ."

"ಅವ್ರ? ಅದ ಕಚೇರಿ?"

"ಹೌದ್ರಿ."

ಕಾಕಾ ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ನವಲಗುಂದ ದಾಟೋವರೆಗೂ ಮಾತಿಲ್ಲ. ಆಮೇಲೆ, "ಹೊಳಿ ದಾಟಿಸಿ ಮತ್ತ ಇದ ದಂಡಿಗೆ ತಂದು ಬಿಟ್ರಲ್ಲೋ ತಮ್ಮಾ" ಅಂದ್ರು.

ನಾನು ಕೋಡ್ ರಿವ್ಯೂ ಕಥೆ ಹೇಳೋಕೆ ಹೋಗಲಿಲ್ಲ. ಯಾಕಂದ್ರೆ ಅವರ ಮಾತಲ್ಲಿ ನಿಜ ಇತ್ತು. ಕೋರ್ಟು ತಾನೇ ಪರವಾನಗಿ ಕೊಟ್ಟುಬಿಟ್ರೆ ನಾಳೆ ರಾಜ್ಯದ ಒಂದೊಂದು ಶೆಡ್ಡೂ ಜಡ್ಜುಗಳೇ ಅಳೆದು ನೋಡಬೇಕಾಗುತ್ತೆ, ಅದು ಸರಿಯಲ್ಲ, ಒಪ್ಪುತ್ತೀನಿ. ಕೊಡದೆ ಬೇರೆ ದಾರಿಯೇ ಇಲ್ಲ ಅನ್ನೋಷ್ಟು ಸ್ಪಷ್ಟ ಇದ್ರೆ ಮಾತ್ರ ಕೊಡಿ ಅಂತ ನೇರವಾಗಿ ಆದೇಶ ಮಾಡ್ತಾರೆ, ಅದು ಅಪರೂಪ. ಆದ್ರೆ ಈ ಒಂದೂವರೆ ವರ್ಷದ ಬಡ್ಡಿ ಕಟ್ಟಿದ್ದು ಕಾಕಾ. ಮೂರು ಸಾಲು ಕಾರಣ ಬರೆಯೋಕೆ ಸೋಮಾರಿತನ ಮಾಡಿದವರು ಒಂದು ಪೈಸೆ ಕಟ್ಟಲಿಲ್ಲ. ಗಾಣ ಗೋಣಿತಾಟಿನ ಕೆಳಗೆ ಪಡಸಾಲೆಯಲ್ಲಿ ಕೂತಿದೆ, ಅದರ ಮೇಲೆ ಕಾಕೂ ಹಪ್ಪಳ ಒಣಗಿಸ್ತಾರೆ. ಊರಲ್ಲೇ ಇರ್ತೀನಿ ಅಂದಿದ್ದ ಹುಡುಗ ಕಾದು ಕಾದು ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಸೇರ್ಕೊಂಡ. ಇದರ ಲೆಕ್ಕ ಯಾವ ರಿಟ್ಟಿನಲ್ಲೂ ಬರಲ್ಲ.

ಎಂಟು ವಾರ ಅಂದದ್ದು ಹನ್ನೊಂದು ವಾರಕ್ಕೆ ಹೊಸ ಆದೇಶ ಬಂತು. ಮತ್ತೆ ತಿರಸ್ಕಾರ.

ಆದ್ರೆ ಈ ಸಲ ನಾಲ್ಕು ಪುಟ. ಕನ್ನಡದಲ್ಲೇ. ಕಾಕಾ ಫೋನ್ ಮಾಡಿ ಓದಿಸೋಕೆ ಕರೀಲಿಲ್ಲ, ಅವರೇ ಕನ್ನಡಕ ಹಾಕ್ಕೊಂಡು ಓದಿದ್ದಾರೆ. ಶೆಡ್ಡಿನ ಅಳತೆ ಸರಿ ಇದೆ, ಗಾಣಕ್ಕೆ ಆ ವಲಯದಲ್ಲಿ ಅಡ್ಡಿ ಇಲ್ಲ, ಅಕ್ಕಪಕ್ಕದವರ ತಕರಾರು ಇಲ್ಲ, ಮೂರು ಬದಿ ಜಾಗ ಬಿಟ್ಟದ್ದು ಸಾಕು. ಒಂದೇ ಒಂದು: ರಸ್ತೆ 9 ಮೀಟರ್ ಇರಬೇಕು, ಸ್ಥಳ ತನಿಖೆಯಲ್ಲಿ 7.2 ಮೀಟರ್ ಕಂಡುಬಂದಿದೆ.

ಹೋದ ಶನಿವಾರ ಊರಲ್ಲಿದ್ದೆ. ಬೆಳಿಗ್ಗೆ ಆರಕ್ಕೇ ಕಾಕಾ ಎಬ್ಬಿಸಿದ್ರು. ಟಂಟಂಗಳ ಓಡಾಟ ಶುರುವಾಗೋಕೆ ಮೊದಲು ಹೋಗಬೇಕಂತೆ. ಹುಬ್ಬಳ್ಳಿಯಿಂದ ಮಗನೂ ಬಂದಿದ್ದ. ಟೇಪಿನ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ಕಾಕಾ ನಡುವೆ ನಿಂತು ಟೇಪು ಜೋಲದಂತೆ ಹಿಡಿದಿದ್ರು. ಮೊದಲು ಡಾಂಬರಿನ ಅಂಚಿನಿಂದ ಅಂಚಿಗೆ ಹಿಡಿದ್ವಿ: 7 ಮೀಟರ್ 20 ಸೆಂಟಿಮೀಟರ್. ತನಿಖೆಗೆ ಬಂದವರು ಸುಳ್ಳು ಬರೆದಿಲ್ಲ. ಆಮೇಲೆ ಕಾಕಾ ಇಬ್ಬರನ್ನೂ ಹಿಂದಕ್ಕೆ ಸರಿಸಿದ್ರು. ಡಾಂಬರು ದಾಟಿ, ಜಾಲಿ ಕಂಟಿ ದಾಟಿ, ಈ ಕಡೆ ಸರ್ವೆ ಕಲ್ಲು, ಆ ಕಡೆ ಹಳೇ ಗಟಾರದ ಗೋಡೆ. ನಕಾಶೆಯಲ್ಲಿ ರಸ್ತೆಯ ಹದ್ದು ಅಲ್ಲಿವರೆಗೂ ಇದೆ.

"ಎಷ್ಟು?"

"9 ಮೀಟರ್ 40, ಕಾಕಾ."

"ಮತ್ತೊಮ್ಮೆ ಹಿಡೀರಿ" ಅಂದ್ರು. ಮತ್ತೊಮ್ಮೆ ಹಿಡಿದ್ವಿ. ಅಷ್ಟೇ ಬಂತು. ಮೂರು ಕಡೆ ಅಳೆದು, ಮಗನ ಮೊಬೈಲಿನಲ್ಲಿ ಟೇಪಿನ ಸಮೇತ ಫೋಟೋ ತೆಗೆಸಿದ್ರು. ಮನೆಗೆ ಬಂದು ಚಹಾ ಕುಡಿಯುವಾಗ ಆದೇಶದ ಮೂರನೇ ಪುಟದಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ 9.40 ಅಂತ ಬರೆದ್ರು. ಭೂಮಾಪನದವರಿಂದ ಅಧಿಕೃತ ಅಳತೆಗೆ ಅರ್ಜಿ ಸೋಮವಾರ ಹಾಕಿದ್ದಾರೆ. ಅಪೀಲಿನ ಕಾಗದ ನಾನು ಈ ವಾರ ಟೈಪ್ ಮಾಡಿ ಕಳಿಸಬೇಕು.